ಕಡಲ ಸೀಮೆಯ ಹೊಸದುರ್ಗ

ಕೋಟೆಯೆಂದೊಡನೆ ನಮ್ಮ ಘೋಡಗೇರಿಯ ಸೀಮೆಯವರ ಕಣ್ಣೆದುರು ನಿಲ್ಲುವುದು ಸಂಕೇಶ್ವರದ ಬಳಿಯ ವಲ್ಲಭಗಡ. ಅದಕ್ಕೂ ಮಿಗಿಲಾಗಿ ಚೆನ್ನಮ್ಮ ರಾಣಿಯ ಕಿತ್ತೂರು. ಆದರೆ ವೀರಶೈವ ಅರಸರು ಪಡುಗಡಲ ಸೀಮೆಯಲ್ಲಿಯೂ ಕೋಟೆಗಳನ್ನು ಕಟ್ಟಿದರು. ಅವುಗಳಲ್ಲೊಂದು ತನ್ನ ಕನ್ನಡ ಹೆಸರನ್ನು ಇಡೀ ತಾಲ್ಲೂಕಿಗೇ ಕೊಟ್ಟಿತು. ಅದುವೇ ಕಾಸರಗೋಡು ಜಿಲ್ಲೆಯ ಹೊಸದುರ್ಗ.

ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ (1645–1660) ಆ ರಾಜ್ಯವು ಚಂದ್ರಗಿರಿ ನದಿಯನ್ನು ದಾಟಿ ದಕ್ಷಿಣಕ್ಕೆ ಹಬ್ಬಿತು. ಅಕ್ಕಿ, ಮೆಣಸುಗಳ ವ್ಯಾಪಾರಕ್ಕೆ ರೇವುಗಳೇ ಬಾಗಿಲು. ಆ ಬಾಗಿಲನ್ನು ಕಾಯಲು ಕೋಟೆ ಬೇಕು. ಸಮುದ್ರಕ್ಕೆ ಚಾಚಿಕೊಂಡು ಸುಮಾರು 40 ಎಕರೆಯಲ್ಲಿ ಹರಡಿರುವ ಬೇಕಲದ ಕೋಟೆಯನ್ನು ಆತನೇ ಕಟ್ಟಿಸಿದನೆಂಬುದು ಪ್ರಸಿದ್ಧಿ. ಅಲ್ಲಿಂದ ದಕ್ಷಿಣಕ್ಕೆ, ಕಾಞಂಗಾಡಿನಲ್ಲಿ, ಅದೇ ವಂಶದ ಸೋಮಶೇಖರನಾಯಕನು 1731ರ ಸುಮಾರಿಗೆ ದುಂಡು ಬುರುಜುಗಳ ಹೊಸ ಕೋಟೆಯನ್ನು ಎತ್ತಿಸಿದನು. ಕನ್ನಡಿಗರು ಹೊಸದುರ್ಗವೆಂದರು, ಮಲೆಯಾಳಿಗಳು ಪುದಿಯಕೋಟ್ಟವೆಂದರು. ಎರಡರ ಅರ್ಥವೂ ಒಂದೇ.

ಕಲ್ಲು ಜೋಡಿಸಿದ ಮಾತ್ರಕ್ಕೆ ಕೋಟೆಯಾಗದು; ಕಾಯುವವರು ಬೇಕು. ಕನ್ನಡ ಸೀಮೆಯಿಂದ ಬಂದ ಕಾವಲು ಭಟರ ಮನೆತನಗಳು ಈ ಕೋಟೆಗಳ ಸುತ್ತ ನೆಲೆಯೂರಿದವು. ಕೋಟೆಯಾರರೆಂದೂ ರಾಮಕ್ಷತ್ರಿಯರೆಂದೂ ಹೆಸರಾದ ಅವರ ಮನೆಮಾತು ಕನ್ನಡವಾಗಿಯೇ ಉಳಿದು ಬಂದಿತು.

ಕೋಟೆಯ ಸುತ್ತ ಹೊರಗಿನವರನ್ನು ನೆಲೆಗೊಳಿಸುವುದು ಬೇರೆ ದೇಶಗಳಲ್ಲಿಯೂ ನಡೆದುದೇ. ವೇಲ್ಸ್ ನಾಡಿನ ಕಡಲಂಚಿನಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನು 1283ರಲ್ಲಿ ಕಾನ್ವಿ ಕೋಟೆಯನ್ನು ಕಟ್ಟಲಾರಂಭಿಸಿ, ಪ್ರಾಕಾರದೊಳಗಿನ ಪೇಟೆಗೆ ಇಂಗ್ಲಿಷರನ್ನು ತಂದಿರಿಸಿದನು. ಅಲ್ಲಿದ್ದ ಸಂನ್ಯಾಸಿಗಳ ಮಠವನ್ನು ಬೇರೆಡೆಗೆ ಸಾಗಿಸಿದನು. ಆದರೂ ವೇಲ್ಸಿನ ನುಡಿ ಅಳಿಯಲಿಲ್ಲ. ಆ ಭಾಷೆಯನ್ನು ಆಡುವವರು ಆ ನಾಡಿನಲ್ಲಿ ಇಂದಿಗೂ ಇದ್ದಾರೆ.

ಹೊಸದುರ್ಗದ ಒಡೆಯರೂ ಬದಲಾದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪನಿಗೆ ಸೇರಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಬೆಳಗಾವಿಯವರಾದ ನಮಗೆ ಚಿರಪರಿಚಿತವಾದ ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ನದಿಯ ದಕ್ಷಿಣಕ್ಕಿರುವ ಹೊಸದುರ್ಗವಂತೂ ಆ ಶಿಫಾರಸಿನ ಹೊರಗೇ ಉಳಿಯಿತು.

ಗಡಿಯಲ್ಲಿ ಬಾಳುವ ನಾವು ಇದರಿಂದ ಗ್ರಹಿಸಬೇಕಾದುದುಂಟು. ಅರಸನ ಆಜ್ಞೆ ಗೋಡೆಯನ್ನು ಎತ್ತಬಲ್ಲದು, ಆಯೋಗವು ಗೆರೆಯನ್ನು ಎಳೆಯಬಲ್ಲದು. ನುಡಿಯನ್ನು ಉಳಿಸುವವರು ಮಾತ್ರ ಮನೆಯ ತಾಯಂದಿರು. ಬುರುಜು ಜರಿದರೂ ಕೋಟೆಯಾರರ ಅಡುಗೆಮನೆಗಳಲ್ಲಿ ಕನ್ನಡ ನಿಂತಿತು. ಅದನ್ನು ನಿಲ್ಲಿಸಿದುದು ದ್ವೇಷವಲ್ಲ. ಹಗಲೆಲ್ಲ ಪೇಟೆಯಲ್ಲಿ ಮಲೆಯಾಳದಲ್ಲಿ ವ್ಯವಹರಿಸಿ, ಸಂಜೆ ಮಕ್ಕಳೊಡನೆ ಕನ್ನಡವಾಡಿದ ನಿತ್ಯದ ನಿಷ್ಠೆ ಅದು. ಶರಣರು ಕಾಯಕವೆಂದುದು ಇಂಥ ನಿಷ್ಠೆಯನ್ನೇ ಅಲ್ಲವೆ?

ಧರ್ಮಸ್ಥಳ, ಕೊಲ್ಲೂರುಗಳಿಗೆ ಹೊರಟ ನಮ್ಮ ಕುಟುಂಬಗಳು ಇನ್ನೊಂದು ದಿನವನ್ನು ಕೂಡಿಸಿಕೊಂಡು ಅತ್ತ ಹೋಗಿಬರಲಿ. ಬೇಕಲದ ಬುರುಜನ್ನೇರಿ ಕಡಲನ್ನು ನೋಡಲಿ. ಹೊಸದುರ್ಗದಲ್ಲಿ ಕನ್ನಡದ ಮನೆಯೊಂದರ ಬಾಗಿಲಲ್ಲಿ ನಿಂತು ಯೋಗಕ್ಷೇಮ ವಿಚಾರಿಸಲಿ. ಮರಳಿ ಬಂದ ಮೇಲೆ, ನಮ್ಮ ಮಕ್ಕಳು ಮನೆಯಲ್ಲಿ ಯಾವ ಮಾತನ್ನಾಡುತ್ತಿದ್ದಾರೆಂದು ಒಮ್ಮೆ ಕಿವಿಗೊಟ್ಟು ಕೇಳಲಿ.