ಗೋಕಾವಿಯ ಕರದಂಟು

ಗೋಕಾವಿಗೆ ಹೋದವರು ಮೊದಲು ನೋಡುವುದು ಜಲಪಾತವನ್ನು; ಮರಳುವಾಗ ಕಟ್ಟಿಸಿಕೊಂಡು ಬರುವುದು ಕರದಂಟನ್ನು. ಗೋಕಾವಿಯೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕವೇ. ಊರಿಗೆ ಅನತಿ ದೂರದಲ್ಲಿ ಘಟಪ್ರಭೆಯು ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಮೇಲೆ ತೂಗುಸೇತುವೆ, ದಡದಲ್ಲಿ, ಈ ನೀರಿನ ಬಲವನ್ನು ನಂಬಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಎದ್ದು ನಿಂತ ನೂಲಿನ ಗಿರಣಿ. ಮಳೆಗಾಲದಲ್ಲಿ ಹೊಳೆಯ ನೀರಿಗೆ ಕುದಿಯುವ ಬೆಲ್ಲದ ಬಣ್ಣ ಬರುತ್ತದೆ. ಜಲಪಾತದಿಂದ ಪೇಟೆಗೆ ಬಂದವನಿಗೆ ಅದೇ ಬಣ್ಣ ಮಿಠಾಯಿ ಅಂಗಡಿಯ ತಟ್ಟೆಗಳಲ್ಲಿ ಮತ್ತೊಮ್ಮೆ ಎದುರಾಗುತ್ತದೆ.

ಹೆಸರೇ ಈ ತಿನಿಸಿನ ವಿಧಾನವನ್ನು ಹೇಳುತ್ತದೆ. ಕರಿದ ಅಂಟು, ಕರದಂಟು. ಜಾಲಿಯ ಜಾತಿಯ ಮರಗಳಿಂದ ಒಸರಿ ಗಟ್ಟಿಯಾದ ಅಂಟಿನ ಹರಳುಗಳನ್ನು ಬಿಸಿ ತುಪ್ಪಕ್ಕೆ ಬಿಟ್ಟರೆ ಅವು ಅರಳಿನಂತೆ ಉಬ್ಬಿ ಹಗುರಾಗುತ್ತವೆ. ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಇದೇ ತಿನಿಸಿಗೆ ಹೆಸರಾದ ಊರು. ಯಾವ ಊರಿನದು ಮೇಲು ಎಂಬ ವಾದವನ್ನು ಆಯಾ ಊರಿನ ನೆಂಟರಿಗೇ ಬಿಡುವುದು ಕ್ಷೇಮ.

ಮನೆಯಲ್ಲಿ ಮಾಡುವವರು ಗೋಡಂಬಿ, ಬಾದಾಮಿ, ಬೀಜ ತೆಗೆದ ಉತ್ತತ್ತಿ, ತುರಿದ ಒಣಕೊಬ್ಬರಿ ಇವುಗಳನ್ನು ತಲಾ 100 ಗ್ರಾಂ, ಅಂಟನ್ನು 50 ಗ್ರಾಂ, ಬೆಲ್ಲವನ್ನು 250 ಗ್ರಾಂ ತೆಗೆದುಕೊಳ್ಳಬಹುದು. ಎಲ್ಲವನ್ನೂ ಬೇರೆ ಬೇರೆಯಾಗಿ ತುಪ್ಪದಲ್ಲಿ ಹುರಿಯಬೇಕು. ಒಂದು ಕಂಪಿಡುವ ಹೊತ್ತಿಗೆ ಇನ್ನೊಂದು ಸೀದುಹೋದೀತು. ನಿಜವಾದ ಪರೀಕ್ಷೆಯಿರುವುದು ಪಾಕದಲ್ಲಿ. ಬೆಲ್ಲದೊಳಗಿನ ನೀರು ಆವಿಯಾದಂತೆಲ್ಲ ಪಾಕದ ಶಾಖ ಏರುತ್ತದೆ; ಸುಮಾರು 115 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಹನಿ ತಣ್ಣೀರಿನಲ್ಲಿ ಮೆತ್ತನೆಯ ಗುಂಡಾಗಿ ನಿಲ್ಲುತ್ತದೆ. ಅಲ್ಲಿಗೆ ಒಲೆಯಿಂದ ಇಳಿಸಿ ಎಲ್ಲವನ್ನೂ ಸೇರಿಸಬೇಕು. ಇನ್ನೂ ಕಾದರೆ ಹಲ್ಲಿಗೆ ಸವಾಲು, ಮೊದಲೇ ಇಳಿಸಿದರೆ ತುಂಡು ನಿಲ್ಲದು. ಏಲಕ್ಕಿ, ಜಾಯಿಕಾಯಿ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಚ್ಚಗಿರುವಾಗಲೇ ಗೆರೆ ಕೊಯ್ಯುವುದು ಕ್ರಮ. ಚಾಕೊಲೇಟಿಗಾಗಿ ಹಟ ಹಿಡಿಯುವ ಮಕ್ಕಳಿದ್ದರೆ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿದ ಕಪ್ಪು ಚಾಕೊಲೇಟಿನಲ್ಲಿ ಆರಿದ ತುಂಡುಗಳನ್ನು ಅದ್ದಿ ತೆಗೆಯಬಹುದು. ಆದರೆ ಅದರೊಳಗೆ ಒಂದು ಹನಿ ನೀರು ಬಿದ್ದರೂ ಚಾಕೊಲೇಟು ಗಂಟುಗಟ್ಟುತ್ತದೆ.

ಈ ಪಟ್ಟಿಯಲ್ಲಿ ಗೋಧಿಯಿಲ್ಲ, ಮೈದಾ ಇಲ್ಲ, ರವೆಯಿಲ್ಲ. ಸೀಲಿಯಾಕ್ ವ್ಯಾಧಿಯವರ ಮನೆಗೆ ಇದು ಸಣ್ಣ ಸಂಗತಿಯಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಅಂಶ ಅವರ ಸಣ್ಣ ಕರುಳಿನ ಒಳಪದರವನ್ನೇ ಕೆಡಿಸುತ್ತದೆ. ಈ ವ್ಯಾಧಿಯನ್ನು ಕೆರಳಿಸುವುದು ಗೋಧಿಯೆಂದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಇದಕ್ಕೆ ಪಥ್ಯವೇ ಚಿಕಿತ್ಸೆ, ಅದೂ ಜೀವನಪರ್ಯಂತ. ಹಬ್ಬದ ದಿನ ಹೋಳಿಗೆ, ಚಿರೋಟಿ, ಗೋಧಿಹುಗ್ಗಿಗಳ ಸಾಲಿನಲ್ಲಿ ಅಂಥ ಮಗುವಿನ ಎಲೆ ಬರಿದಾಗಿ ಕಾಣುವ ದುಃಖ ತಾಯಿಗೆ ಗೊತ್ತು.

ಆದ್ದರಿಂದಲೇ ಎಚ್ಚರವೂ ಬೇಕು. ಬಾಣಂತಿಗೆ ಕೊಡುವ ಅಂಟಿನ ಉಂಡೆಗೆ ಕೆಲವು ಮನೆಗಳಲ್ಲಿ ಗೋಧಿಹಿಟ್ಟು ಸೇರಿಸುವುದುಂಟು; ಕರದಂಟು ಅದಲ್ಲ. ಅಂಗಡಿಯ ಕರದಂಟಾದರೆ ಕೂಡಿಸಿದ್ದನ್ನೆಲ್ಲ ಕೇಳಿ ತಿಳಿಯಬೇಕು. ಅದೇ ಬಾಣಲೆ, ತಟ್ಟೆಗಳಲ್ಲಿ ಮೈದಾದ ತಿನಿಸುಗಳೂ ಆಗುತ್ತಿರಬಹುದು. ಮನೆಯಲ್ಲಾದರೂ ಚಪಾತಿಯ ಹಿಟ್ಟು ಹರಡಿದ ಮಣೆ, ಹಿಟ್ಟಿನ ಜರಡಿ ದೂರವಿರಲಿ. ಚಾಕೊಲೇಟಿನ ಹೊದಿಕೆಯ ಮೇಲೆ ಗೋಧಿ ಅಥವಾ ಬಾರ್ಲಿ ಮಾಲ್ಟಿನ ಹೆಸರಿದೆಯೇ ಎಂದು ಓದಬೇಕು. ಗ್ಲೂಟೆನ್ ರಹಿತವೆಂದು ಮಾರುವ ಆಹಾರದಲ್ಲಿ ಆ ಅಂಶ ಕಿಲೋಗ್ರಾಮಿಗೆ 20 ಮಿಲಿಗ್ರಾಮನ್ನು ಮೀರಬಾರದೆಂಬುದು ಭಾರತದ ನಿಯಮ. ಚಿಟಿಕೆ ಹಿಟ್ಟೂ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ಜಾಗ್ರತೆಯಿಂದ ಮಾಡಿದ ಕರದಂಟನ್ನು ಆ ಮಗುವಿಗೆಂದು ಬೇರೆ ಡಬ್ಬಿಯಲ್ಲಿ ಎತ್ತಿಡಬೇಕಾಗಿಲ್ಲ. ಮನೆಮಂದಿಗೆಲ್ಲ ಅದೇ ತಟ್ಟೆಯಿಂದ ಬಡಿಸಬಹುದು. ಅಜ್ಜಿಗೆ ಮಾತ್ರ ತುಸು ಮೆತ್ತನೆಯ ತುಂಡು ಹುಡುಕಿದರಾಯಿತು.