ಪರಸೆಯ ಹಾದಿಯಲ್ಲಿ ಸೂಜುಮಲ್ಲಿಗೆ

ಶನಿವಾರ ಸಂಜೆಯಾದರೆ ಬೆಂಗಳೂರಿನ ಕಾರುಗಳು ನಮ್ಮ ಕಡೆ ತಿರುಗುತ್ತವೆ. ಮಾಗಡಿಯ ಸಾವನದುರ್ಗದ ಬುಡ, ರಾಮನಗರದ ಬಂಡೆಗಳ ಸಂದು, ಚನ್ನಪಟ್ಟಣದ ಕಣ್ವ ಜಲಾಶಯದ ದಂಡೆ, ಕನಕಪುರದ ಕಾಡಂಚು, ಎಲ್ಲೆಡೆ ಟೆಂಟು ಏಳುತ್ತದೆ, ಸೌದೆ ಒಟ್ಟುತ್ತಾರೆ, ಕತ್ತಲಾಗುತ್ತಿದ್ದಂತೆ ಕ್ಯಾಂಪ್ ಫೈರ್. ಗಿಟಾರ್ ಹಿಡಿದ ಹುಡುಗ ಮೊದಲು ಎರಡು ಹಿಂದಿ ಹಾಡು ಹಾಡುತ್ತಾನೆ, ಆಮೇಲೆ ರಾಜ್‌ಕುಮಾರ್ ಅವರದೊಂದು. ಬೆಂಕಿ ಇಳಿದು ಕೆಂಡವಾಗುವ ಹೊತ್ತಿಗೆ ಯಾರಾದರೊಬ್ಬರು ‘ಸೋಜುಗಾದ ಸೂಜುಮಲ್ಲಿಗೆ’ ಎತ್ತಿಕೊಳ್ಳುತ್ತಾರೆ. ಅಲ್ಲಿಯವರೆಗೆ ಫೋನು ನೋಡುತ್ತಿದ್ದವರೂ ದನಿಗೂಡಿಸುತ್ತಾರೆ. ಮಾದೇಶ್ವರನ ಬೆಟ್ಟವನ್ನು ಕಣ್ಣಿಂದ ನೋಡದವರ ಬಾಯಲ್ಲೂ ಮಾದಪ್ಪನ ಹೆಸರು ಅಷ್ಟು ಹಿತವಾಗಿ ಹೊರಡುವುದನ್ನು ಕೇಳಿದಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

ಹಾಡು ಮುಗಿದ ಮೇಲೆ ಒಂದು ಚರ್ಚೆ ಹುಟ್ಟುವುದುಂಟು. ಇದು 2021ರಲ್ಲಿ ಬಂದ ‘ಗರುಡ ಗಮನ ವೃಷಭ ವಾಹನ’ ಚಿತ್ರದ ಹಾಡು, ಚೈತ್ರಾ ಆಚಾರ್ ಹಾಡಿದ್ದು ಎನ್ನುತ್ತಾರೆ ಒಬ್ಬರು. ಅಲ್ಲ, ಅದಕ್ಕೂ ಮೊದಲೇ ಅನನ್ಯ ಭಟ್ ಶಿವರಾತ್ರಿಗೆ ಹಾಡಿದ್ದರು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ‘ಅಯ್ಯೋ, ಅದು ಜನಪದ ಕಣ್ರೀ’ ಎಂದು ಮಾತು ಮುಗಿಸುತ್ತಾರೆ. ನನಗೆ ಪ್ರಶ್ನೆ ಶುರುವಾಗುವುದೇ ಅಲ್ಲಿ. ಜನಪದ ಎಂದರೆ ಯಾವ ಜನ, ಯಾವ ಪದ? ಯಾವ ಊರು, ಯಾವ ತಿಂಗಳು, ಗಂಡಸೋ ಹೆಂಗಸೋ?

ನಮ್ಮ ನಾಲ್ಕು ತಾಲ್ಲೂಕಿಗೆ ಬೆಂಕಿಯ ಸುತ್ತ ಕೂತು ಹಾಡುವುದು ಪ್ರವಾಸಿಗರಿಂದ ಬಂದ ರೂಢಿಯಲ್ಲ. ಸುಗ್ಗಿಯಲ್ಲಿ ರಾಗಿ ಕಣ ಕಾಯುವವರು ಚಳಿ ಕಾಯಿಸಿಕೊಳ್ಳುತ್ತ ಹಾಡುತ್ತಿದ್ದರು. ಊರಹಬ್ಬದಲ್ಲಿ ಕೊಂಡಕ್ಕೆ ಗಾಡಿಗಟ್ಟಲೆ ಸೌದೆ ಒಟ್ಟಿ, ರಾತ್ರಿಯಿಡೀ ಉರಿಸಿ, ಬೆಳಗಿನ ಜಾವಕ್ಕೆ ಕೆಂಡ ಹದಗೊಳಿಸುವ ತನಕ ತಮಟೆ, ಪೂಜಾ ಕುಣಿತ, ಸೋಬಾನೆ ನಿಲ್ಲುವುದಿಲ್ಲ. ಬೆಟ್ಟಸಾಲಿನ ಇರುಳಿಗರ ಹಾಡಿಗಳಲ್ಲಿ ಇರುಳಿನ ಬೆಂಕಿಯ ಸುತ್ತ ಅವರವೇ ಪದಗಳು. ಆದರೆ ಈ ಹಾಡಿನ ಜಾಡು ಹಿಡಿಯಬೇಕಾದರೆ ನೋಡಬೇಕಾದದ್ದು ಬೇರೆಯೇ ಬೆಂಕಿಯನ್ನು. ಅದು ಶಿವರಾತ್ರಿಯ ಮುಂಚೆ ಕನಕಪುರದ ಹಾದಿಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೊರಟ ಪರಸೆ ತಂಗಿದ ಕಡೆಯಲ್ಲೆಲ್ಲ ಉರಿಯುತ್ತದೆ.

ಮಾದಪ್ಪನ ಒಕ್ಕಲು ಈ ಸೀಮೆಯಲ್ಲಿ ಎಷ್ಟು ದಟ್ಟವೆಂದು ತಿಳಿಯಲು ಮತದಾರರ ಪಟ್ಟಿ ನೋಡಿದರೂ ಸಾಕು: ಮಾದೇಗೌಡ, ಮಾದಯ್ಯ, ಮಾದಮ್ಮ, ಮಾದೇವಿ. ರಾಮನಗರ, ಕನಕಪುರ, ಚನ್ನಪಟ್ಟಣದ ಹಳ್ಳಿಗಳಿಂದ ಹೊರಟವರು ನಡೆದೇ ಹೋಗುತ್ತಾರೆ. ದೊಡ್ಡಆಲಹಳ್ಳಿ ದಾಟಿ ಸಂಗಮಕ್ಕೆ ಬಂದರೆ ನಂದಿಬೆಟ್ಟದಲ್ಲಿ ಹುಟ್ಟಿ ಮಾಗಡಿ, ರಾಮನಗರ, ಕನಕಪುರ ಸುತ್ತಿ ಬಂದ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಅಲ್ಲಿ ಹೊಳೆ ದಾಟಿದರೆ ಕಾವೇರಿ ವನ್ಯಧಾಮದ ಆನೆ ಕಾಡು, ಅದು ಕಳೆದರೆ ಶಾಗ್ಯ, ಮುಂದೆ ಕೌದಳ್ಳಿ, ತಾಳಬೆಟ್ಟ, ಕೊನೆಗೆ ಎಪ್ಪತ್ತೇಳು ಮಲೆಯ ಒಡೆಯನ ಗುಡಿ. ಕಾಡಿನೊಳಗೆ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಕಾಡು ಸಿಗುವ ಮೊದಲಿನ ರಾತ್ರಿ ಬೆಂಕಿಯ ಸುತ್ತ ಹಾಡು ಸರಿಹೊತ್ತಿನವರೆಗೂ ಸಾಗುತ್ತದೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ಚರಣದ ಕೊನೆಗೆ ‘ಉಘೇ ಮಾದಪ್ಪ’ ಏಳುತ್ತದೆ.

ಅಂಥ ಒಂದು ಬೆಂಕಿಯ ಪಕ್ಕ ಕನಕಪುರ ಕಡೆಯ ನಡುವಯಸ್ಸಿನ ರೈತರೊಬ್ಬರನ್ನು ಕೇಳಿದೆ: ‘ಅಣ್ಣ, ಈ ಪದ ನಿಮಗೆ ಯಾರು ಕಲಿಸಿದ್ದು?’

‘ಯಾರು ಅಂದ್ರೆ? ನಮ್ಮಪ್ಪ ಹಾಡ್ತಿದ್ದ ಸಾ. ಅವ್ನಿಗೆ ಮಳವಳ್ಳಿ ಸೀಮೆಯಿಂದ ಬರ್ತಿದ್ದ ದೇವರಗುಡ್ಡಪ್ಪ ಹೇಳ್ಕೊಟ್ಟಿದ್ನಂತೆ. ಪೂರ್ತಿ ಬೇಕು ಅಂದ್ರೆ ನಮ್ಮವ್ವುನ್ನೇ ಕೇಳ್ಬೇಕು. ನಂಗೆ ಅರ್ಧ ಬರೋದು.’

ಆ ಮಾತಿನಲ್ಲಿ ಎರಡು ದಾರಿಗಳಿವೆ. ದೇವರಗುಡ್ಡಪ್ಪನ ದಾರಿ ಎಲ್ಲರಿಗೂ ಗೊತ್ತಿರುವುದು. ಮಾದೇಶ್ವರನಿಗೆ ಹರಕೆ ಹೊತ್ತು, ಗುರುವಿನಿಂದ ದೀಕ್ಷೆ ಪಡೆದು, ಕಂಚಿನ ಕಂಸಾಳೆ ಹಿಡಿದು ಊರೂರು ತಿರುಗುವ ದೇವರಗುಡ್ಡರು ಮಾದೇಶ್ವರ ಕಾವ್ಯದ ವಾರಸುದಾರರು. ದಮ್ಮಡಿ, ಏಕತಾರಿ, ಕಂಸಾಳೆಯ ಮೇಳದಲ್ಲಿ ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ರಾತ್ರಿಗಟ್ಟಲೆ ಹಾಡಬಲ್ಲವರು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಮಹಾಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠ ಇಂಗ್ಲಿಷಿಗೂ ಹೋಯಿತು. ಹಾಗಾದರೆ ಸೂಜುಮಲ್ಲಿಗೆಯ ಹಾಡೂ ಅವರದೇ ಎಂದು ಒಪ್ಪಿ ಸುಮ್ಮನಾಗಬಹುದಿತ್ತು. ಆದರೆ ಆ ರೈತರು ತೋರಿಸಿದ ಇನ್ನೊಂದು ದಾರಿ ಅವರ ತಾಯಿಯ ಕಡೆಗೆ ಹೋಗುತ್ತದೆ. ಹಾಡಿನ ಒಳಗೇ ಹೊಕ್ಕು ನೋಡಿದರೆ ಅದೇ ಹೆಚ್ಚು ಹಳೆಯ ದಾರಿ ಎಂದು ನನಗೆ ಅನ್ನಿಸುತ್ತದೆ.

ಒಂದು ಚರಣದಲ್ಲಿ ಹಾಡುವ ಜೀವ ತಾನೇನು ಮಾಡಿದೆ ಎಂದು ಮಾದಪ್ಪನಿಗೆ ಒಪ್ಪಿಸುತ್ತದೆ. ತಪ್ಪಲೆ ಬೆಳಗಿದ್ದಾಯಿತು, ತುಪ್ಪ ಕಾಯಿಸಿದ್ದಾಯಿತು, ಹಣ್ಣು ತಂದದ್ದಾಯಿತು, ಎಲ್ಲವೂ ನೂಕಾಡಿಕೊಂಡು ಬರುವ ಪರಸೆಗಾಗಿ. ಕಾವಿ ತೊಟ್ಟು ಭಿಕ್ಷೆಗೆ ಹೊರಟ ಗಂಡಸು ತಪ್ಪಲೆ ಬೆಳಗಿದ ಸುದ್ದಿಯನ್ನು ದೇವರಿಗೆ ಹೇಳಲಾರ. ಇದು ಹಾದಿಬದಿಯ ಊರಿನ ಹೆಣ್ಣುಮಗಳ ಮಾತು. ಬೆಟ್ಟಕ್ಕೆ ಹೋಗುವವರಿಗೆ ಅನ್ನ ಬೇಯಿಸಿ ಬಡಿಸಿದ್ದೇ ಅವಳ ಯಾತ್ರೆ. ಇನ್ನೊಂದು ಚರಣದಲ್ಲಿ ಬೆಟ್ಟದ ದೇವರೇ ಗತಿಯೆಂದು ಹೊರಟವರು ಹಟ್ಟಿಯ ಹಂಬಲವನ್ನೇ ಮರೆತರು ಎಂಬ ಮಾತು ಬರುತ್ತದೆ. ಗಂಡಸರ ಬಾಯಲ್ಲಿ ಅದನ್ನು ಭಕ್ತಿಯ ಹೆಮ್ಮೆಯಾಗಿ ಕೇಳುತ್ತ ಬಂದಿದ್ದೇವೆ. ಹಟ್ಟಿಯಲ್ಲೇ ಉಳಿದವಳು ಅದೇ ಮಾತನ್ನು ಹೇಳುತ್ತಿದ್ದಾಳೆ ಎಂದುಕೊಂಡು ಕೇಳಿದರೆ, ಅದರಲ್ಲಿ ಹೋದವರ ದಾರಿ ಕಾಯುವ ಸಂಕಟವೂ ಇದೆ.

ಹಾಡಿನ ಕಟ್ಟೂ ಇದಕ್ಕೆ ಸಾಕ್ಷಿ. ಚರಣಗಳು ಅಚ್ಚುಕಟ್ಟಾದ ತ್ರಿಪದಿಗಳು. ಮೂರು ಸಾಲು, ಸಾಲುಸಾಲಿಗೂ ಪ್ರಾಸ, ಎರಡನೆಯ ಸಾಲಿನ ಮಾತು ಮರಳಿ ಬಂದು ಮೂರನೆಯದಕ್ಕೆ ಕೈಹಿಡಿಯುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಲ್ಲೇ, ಕಲ್ಲಿನ ಮೇಲೆ ಕಾಣಿಸಿಕೊಂಡ ಈ ಛಂದಸ್ಸನ್ನು ಸಾವಿರ ವರ್ಷಕ್ಕೂ ಮೀರಿ ಜೀವಂತ ಇಟ್ಟವರು ಮುಖ್ಯವಾಗಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು. ಕಲ್ಲು ಸುತ್ತುವ ಲಯಕ್ಕೆ ಅದು ಹೊಂದಿಕೊಳ್ಳುವಷ್ಟು ಇನ್ನೊಂದು ಮಟ್ಟು ಹೊಂದುವುದಿಲ್ಲ. ಪರಸೆಗೆ ರಾಗಿ ಬೀಸುತ್ತ ಕಟ್ಟಿದ ಪದವನ್ನು, ಅದೇ ಮನೆಯ ಜಗಲಿಯಲ್ಲಿ ತಂಗಿದ ದೇವರಗುಡ್ಡ ಕೇಳಿ ತನ್ನ ಮೇಳಕ್ಕೆ ಕೊಂಡೊಯ್ದಿರಬೇಕು ಎಂಬುದು ನನ್ನ ಊಹೆ. ಕಾಗದದ ಪುರಾವೆ ನನ್ನಲ್ಲಿಲ್ಲ. ಆದರೆ ತಪ್ಪಲೆಯ ಚರಣ ಹಾಡಿದಾಗಲೆಲ್ಲ ನನ್ನ ನಂಬಿಕೆ ಗಟ್ಟಿಯಾಗುತ್ತದೆ.

ತಿಂಗಳನ್ನೂ ಹಾಡೇ ಹೇಳುತ್ತದೆ. ಪರಸೆ ಹೆಚ್ಚುವುದನ್ನು ಅದು ಹುಚ್ಚೆಳ್ಳು ಹೂವಿಗೆ ಹೋಲಿಸುತ್ತದೆ. ನಮ್ಮ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿಯ ಜೊತೆ ಹುಚ್ಚೆಳ್ಳು ಹಾಕುತ್ತಿದ್ದ ಕಾಲ ಕಂಡವರಿಗೆ ಆ ಹೋಲಿಕೆಯ ಸೊಗಸು ಗೊತ್ತು. ಒಂದು ವಾರದ ಹಿಂದೆ ಹಸಿರಾಗಿದ್ದ ಬಯಲು ಇದ್ದಕ್ಕಿದ್ದಂತೆ ಹಳದಿಯಾಗಿ ದಿಗಂತದವರೆಗೆ ಹಬ್ಬುತ್ತದೆ. ಆದರೆ ಹುಚ್ಚೆಳ್ಳು ಅರಳುವುದು ದಸರಾ, ದೀಪಾವಳಿಯ ಆಸುಪಾಸಿನಲ್ಲಿ. ಶಿವರಾತ್ರಿಯ ಹೊತ್ತಿಗೆ ಹೊಲ ಕೊಯ್ದು, ಹುಲ್ಲು ಮೆದೆಯಾಗಿ, ನೆಲ ಬರಿದಾಗಿರುತ್ತದೆ. ಬೆಟ್ಟದಲ್ಲಿ ದೀಪಾವಳಿಗೂ ದೊಡ್ಡ ಜಾತ್ರೆಯಿದೆ. ಹಾಗಾಗಿ ಈ ಚರಣವಾದರೂ ದೀಪಾವಳಿಯ ಪರಸೆಯನ್ನು ಕಣ್ಣಾರೆ ಕಂಡು, ಹೊಲದ ಬದುವಿನಲ್ಲಿ ನಿಂತೇ ಹುಟ್ಟಿರಬೇಕು. ನಾವು ಅದನ್ನು ಶಿವರಾತ್ರಿಯ ಹಾಡೆಂದುಕೊಂಡಿದ್ದೇವೆ. ಇನ್ನು ಊರು: ಅದೇ ಚರಣ ಕೌದಳ್ಳಿಯ ಕಣಿವೆಯನ್ನು ಹೆಸರಿಸುತ್ತದೆ. ಬಯಲು ಮುಗಿದು ಮಲೆ ಶುರುವಾಗುವ ಜಾಗ ಅದು, ಬೇರೆ ಬೇರೆ ಸೀಮೆಯ ಪರಸೆಗಳು ಕೂಡಿಕೊಳ್ಳುವ ಜಾಗ. ಜನ ಹೆಚ್ಚಿದ್ದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅಲ್ಲೇ.

ಹೂವಿನ ಚರಣದಲ್ಲೊಂದು ಸಣ್ಣ ವಿಷಯ ನನಗೆ ತುಂಬ ಪ್ರಿಯ. ತಾವರೆ, ಬಿಲ್ವಪತ್ರೆಯ ಜೊತೆಗೆ ತುಳಸಿದಳವೂ ಮಾದಪ್ಪನ ಪೂಜೆಗೆ ಬರುತ್ತದೆ. ಶಿವನಿಗೆ ಬಿಲ್ವ, ವಿಷ್ಣುವಿಗೆ ತುಳಸಿ ಎಂದು ಲೆಕ್ಕ ಹಾಕುವವರು ಕಟ್ಟಿದ ಹಾಡಾಗಿದ್ದರೆ ಆ ಎಲೆ ಅಲ್ಲಿರುತ್ತಿರಲಿಲ್ಲ. ಹಿತ್ತಲಲ್ಲಿ ಏನಿತ್ತೋ ಅದನ್ನೆಲ್ಲ ಸೆರಗಿಗೆ ತುಂಬಿಕೊಂಡು ಬಂದವಳೊಬ್ಬಳು ನನಗೆ ಅಲ್ಲಿ ಕಾಣುತ್ತಾಳೆ.

ಬೆಂಕಿಯ ಹಾಡುಗಳ ಮೂಲ ಹುಡುಕುವ ಹುಚ್ಚು ಎಲ್ಲ ದೇಶಗಳಲ್ಲೂ ಇದೆ. ಸ್ಕೌಟು ಮಕ್ಕಳು ಲೋಕದ ಎಲ್ಲ ಶಿಬಿರಾಗ್ನಿಗಳಲ್ಲಿ ಹಾಡುವ ‘ಕುಂಬಾಯಾ’ವನ್ನು ಮಾರ್ವಿನ್ ಫ್ರೇ ಎಂಬ ಅಮೆರಿಕನ್ ಪಾದ್ರಿ 1930ರ ದಶಕದಲ್ಲಿ ತಾನೇ ರಚಿಸಿದ್ದಾಗಿ ಹೇಳಿಕೊಂಡಿದ್ದ. ಆದರೆ ರಾಬರ್ಟ್ ವಿನ್ಸ್ಲೋ ಗಾರ್ಡನ್ ಎಂಬ ಸಂಗ್ರಾಹಕ 1926ರಲ್ಲೇ ಅಮೆರಿಕದ ಜಾರ್ಜಿಯಾ ಕರಾವಳಿಯ ಡೇರಿಯನ್ ಊರಿನ ಬಳಿ ಮೇಣದ ಸಿಲಿಂಡರಿನಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡಿದ್ದ, ಹಾಡಿದವರ ಹೆಸರು ಎಚ್. ವೈಲಿ ಎಂದೂ ಬರೆದಿಟ್ಟಿದ್ದ. ಆ ಕರಾವಳಿಯ ಕಪ್ಪು ಜನರ ಪ್ರಾರ್ಥನೆ ಅವರ ಹೆಸರಿಗೇ ಮರಳಲು ಕಾರಣವಾದದ್ದು ಆ ಒಂದು ಹೆಸರು, ಒಂದು ಊರು, ಒಂದು ಇಸವಿ. ನಮ್ಮ ರಾಮದೇವರಬೆಟ್ಟದ್ದೂ ಒಂದು ಬೆಂಕಿ ಇದೆ. ಅಲ್ಲಿ ಚಿತ್ರೀಕರಣವಾದ 1975ರ ‘ಶೋಲೆ’ಯಲ್ಲಿ ಡಕಾಯಿತ ಗಬ್ಬರ್‌ನ ಅಡ್ಡೆಯಲ್ಲಿ ಉರಿಯುವ ಬೆಂಕಿ, ಅದರೆದುರು ಹೆಲೆನ್ ಕುಣಿಯುವ ‘ಮೆಹಬೂಬಾ’. ಆರ್.ಡಿ. ಬರ್ಮನ್ ಹಾಡಿದ ಆ ಮಟ್ಟು ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಹಾಡಿದ್ದರಿಂದ ಬಂದದ್ದು ಎಂದು ಸಿನಿಮಾ ಸಂಗೀತ ಬಲ್ಲವರು ಸುಲಭವಾಗಿ ತೋರಿಸುತ್ತಾರೆ. ಧ್ವನಿಮುದ್ರಿಕೆ ಇರುವ ಹಾಡಿನ ಜಾಡು ಹಿಡಿಯುವುದು ಕಷ್ಟವಲ್ಲ.

ನಮ್ಮಲ್ಲೂ ಹೆಸರು ಬರೆದಿಟ್ಟವರಿದ್ದಾರೆ. ಕರ್ನಾಟಕ ಜಾನಪದ ಪರಿಷತ್ತನ್ನು 1979ರಲ್ಲಿ ಕಟ್ಟಿ, 1994ರಲ್ಲಿ ರಾಮನಗರದ ಹೆದ್ದಾರಿ ಪಕ್ಕ ಜಾನಪದ ಲೋಕ ಎಂಬ ಸಂಗ್ರಹಾಲಯವನ್ನು ಎತ್ತಿ ನಿಲ್ಲಿಸಿದ ಎಚ್.ಎಲ್. ನಾಗೇಗೌಡರು ತಮ್ಮ ಒಂದು ಸಂಗ್ರಹಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಹೆಸರಿಟ್ಟರು. ಹಾಡಿದಾಕೆಯ ಹೆಸರು ಪುಸ್ತಕದ ನೆತ್ತಿಯ ಮೇಲೆ. ಜಾನಪದ ಲೋಕಕ್ಕೆ ಹೋದಾಗ ಅಲ್ಲಿ ಜೋಡಿಸಿಟ್ಟ ಬೀಸುವ ಕಲ್ಲುಗಳ ಮುಂದೆ ನಿಂತರೆ, ಇದೊಂದೊಂದು ಕಲ್ಲಿನ ಹಿಂದೆಯೂ ಒಬ್ಬ ಚಿಕ್ಕಮ್ಮ ಇದ್ದಿರಬೇಕಲ್ಲ ಎಂದು ಕರುಳು ಚುರುಕ್ಕೆನ್ನುತ್ತದೆ. ಹಾಡಿನ ಪುಸ್ತಕಗಳಲ್ಲಿ, ಧ್ವನಿಸುರುಳಿಗಳ ಮೇಲೆ, ಈಗ ಫೋನಿನ ಪರದೆಯಲ್ಲಿ, ರಚನೆ ಎಂಬಲ್ಲಿ ‘ಜನಪದ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಮೊದಲು ಕಟ್ಟಿದವರು ಯಾರೆಂದು ತಿಳಿಯದಿರಬಹುದು. ಆದರೆ ಈ ಪಾಠವನ್ನು ಯಾರ ಬಾಯಿಂದ ಕಲಿತಿರಿ ಎಂಬುದು ಕಲಿತವರಿಗೆ ಗೊತ್ತೇ ಇರುತ್ತದೆ.

ಹೆಸರಿಲ್ಲದ ಹಾಡಿಗೆ ಕಾಯುವವರಿಲ್ಲ ಎಂದುಕೊಂಡರೂ ತಪ್ಪಾಗುತ್ತದೆ. 2020ರಲ್ಲಿ ಮಾದಪ್ಪನದೇ ‘ಕೋಲುಮಂಡೆ’ ಹಾಡನ್ನು ಚಂದನ್ ಶೆಟ್ಟಿ ಹೊಸ ಧಾಟಿಯಲ್ಲಿ ತಂದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ನೊಂದು ಪ್ರತಿಭಟಿಸಿದರು, ವಿಡಿಯೊ ಹಿಂದಕ್ಕೆ ಹೋಯಿತು. ಬೆಟ್ಟದ ಸುತ್ತಿನ ಜನಕ್ಕೆ ಸಂಕಮ್ಮ ಕಥೆಯೊಳಗಿನ ಪಾತ್ರವಲ್ಲ, ಮನೆಯ ಹಿರಿಯಳು. ಹಾಡುವ ಹಕ್ಕು ಎಲ್ಲರಿಗೂ ಇದೆ ಎಂದು ನಂಬುವವನು ನಾನು. ಕ್ಯಾಂಪ್ ಫೈರಿನ ಹುಡುಗರು ಸೂಜುಮಲ್ಲಿಗೆ ಹಾಡುವುದು ನನಗೆ ಸಂತೋಷವೇ. ಆದರೆ ಅವರು ಬಿಟ್ಟುಬಿಡುವುದು ತಪ್ಪಲೆಯ ಚರಣವನ್ನು, ಅದಕ್ಕೆ ಮಾತ್ರ ನನ್ನ ತಕರಾರು.

ಈಗ ಪರಸೆಯಲ್ಲಿ ಹೆಂಗಸರೂ ಗುಂಪುಗುಂಪಾಗಿ ನಡೆಯುತ್ತಾರೆ. ಅವರ ಬೆಂಕಿಯೇ ಬೇರೆ. ಅಲ್ಲಿ ಎತ್ತಿಕೊಡುವವಳಿಗೆ ಚರಣಗಳು ಮುಗಿಯುವುದೇ ಇಲ್ಲ, ಗಂಡಸರ ಬೆಂಕಿಯಲ್ಲಿ ಕೇಳದೆಹೋದವೂ ಬರುತ್ತವೆ. ಹೋದ ಶಿವರಾತ್ರಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದುಕೊಂಡು ಹೋಗಿದ್ದೆ: ಚರಣ, ಹಾಡಿದವರ ಹೆಸರು, ಊರು, ಕಲಿಸಿದವರು. ಕೇಳಿದರೆ ಬೇಡವೆಂದವರಿಲ್ಲ. ‘ನಮ್ ಹೆಸ್ರು ಬರ್ಕೊಂಡು ಏನ್ ಮಾಡೀಯಪ್ಪ’ ಎಂದು ನಕ್ಕವರೇ ಊರಿನ ಕಾಗುಣಿತ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದರು. ಮೊದಲ ಪುಟದಲ್ಲಿರುವ ಅಜ್ಜಿ ತಪ್ಪಲೆಯ ಚರಣವನ್ನು ಕಲಿತದ್ದು ತನ್ನ ಅತ್ತೆಯಿಂದ. ಆ ಅತ್ತೆಯ ತವರು ಹಲಗೂರು ಕಡೆ, ಅಲ್ಲಿ ಅವರ ತಮ್ಮನ ಮನೆ ಈಗಲೂ ಇದೆಯಂತೆ. ಮಳೆ ಹಿಡಿಯುವ ಮುಂಚೆ ಅಲ್ಲಿಗೆ ಹೋಗಬೇಕು.