ಅಮ್ಮ ಕೇಳಿದ್ದು ಒಂದೇ ತಿಂಗಳು

ಭಾನುವಾರ ಬೆಳಿಗ್ಗೆ ಏಳೂವರೆಗೆ ಊರಿಗೆ ಫೋನ್ ಮಾಡುವುದು ನನ್ನ ರೂಢಿ. ನಾನು ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಅಮ್ಮ ಮೂಡುಬಿದಿರೆ ಹತ್ತಿರದ ತೋಡಾರಿನ ನಮ್ಮ ಮನೆಯ ಜಗಲಿಯಲ್ಲಿ. ಅಮ್ಮನ ಮಾತಿನ ಹಿಂದೆ ಯಾವಾಗಲೂ ಒಂದು ಗದ್ದಲ ಇರುತ್ತಿತ್ತು. ಒಂದು "ಟುವೀ ಟುವೀ" ಅಂತ, ಇನ್ನೊಂದು "ಚಿಟ್ ಚಿಟ್" ಅಂತ, ನಡುವೆ ಯಾರೋ ಉದ್ದಕ್ಕೆ ಸಿಳ್ಳೆ ಹಾಕಿದ ಹಾಗೆ. ಮಾತು ಸರಿಯಾಗಿ ಕೇಳಿಸದೆ "ಅಮ್ಮ, ಒಳಗೆ ಹೋಗಿ ಮಾತಾಡು" ಅಂತ ನಾನು ರೇಗಿದ್ದೂ ಉಂಟು.

ಎರಡು ವರ್ಷದ ಹಿಂದೆ, ಮಾರ್ಚಿನ ಒಂದು ಭಾನುವಾರ ಅಮ್ಮನ ಸ್ವರ ತುಂಬಾ ಸ್ಪಷ್ಟವಾಗಿ ಕೇಳಿತು. ಹಿಂದೆ ಏನೂ ಶಬ್ದ ಇರಲಿಲ್ಲ.

"ಇವತ್ತು ನೆಟ್‌ವರ್ಕ್ ಚೆನ್ನಾಗುಂಟಲ್ಲ?" ಅಂದೆ.

"ನೆಟ್‌ವರ್ಕ್ ಅಲ್ಲ ಮಗ, ಬೇಲಿ ಹೋಯ್ತಲ್ಲ" ಅಂದಳು ಅಮ್ಮ.

ಬೇಲಿ ತೆಗೆಸಿದ್ದು ನಾನೇ. ಅಪ್ಪ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಜಾಗದಲ್ಲಿ ಅಮ್ಮ ಒಬ್ಬಳೇ. ಬೀಡಾಡಿ ದನ ನುಗ್ಗುತ್ತದೆ, ಹಾವಿನ ಭಯ ಬೇರೆ. ಬೋನಸ್ ಬಂದಾಗ ಮೊದಲು ಮಾಡಿದ ಕೆಲಸ ಕೆಂಪುಕಲ್ಲಿನ ಪಾಗಾರ ಕಟ್ಟಿಸಿದ್ದು. ಅಜ್ಜನ ಕಾಲದ ಬೇಲಿ ಅದು: ದಾಸವಾಳ, ಕೇಪುಳ, ಅದರ ಮೇಲೆಲ್ಲ ಹಬ್ಬಿದ ಬಳ್ಳಿ, ಮೂಲೆಯಲ್ಲಿ ಲಂಟಾನ. ನನ್ನ ಕಣ್ಣಿಗೆ ಬರೀ ಪೊದೆ.

ಜೇಸಿಬಿ ಬರುವ ವಾರ ಅಮ್ಮ ಕೇಳಿದ್ದಳು, "ಒಂದು ತಿಂಗಳು ತಡೆದರೆ ಆಗ್ತದಾ? ದಾಸವಾಳದ ಗೆಲ್ಲಿನಲ್ಲಿ ಸಣ್ಣ ಪಕ್ಕಿಯ ಗೂಡು ಉಂಟು. ಮೊಟ್ಟೆ ಇಟ್ಟಿದೆ ಕಾಣ್ತದೆ."

"ಈಗ ಬಿಟ್ಟರೆ ಮೇಸ್ತ್ರಿ ಸಿಕ್ಕುವುದಿಲ್ಲ ಅಮ್ಮ, ಆಮೇಲೆ ಮಳೆಗಾಲ" ಅಂದೆ. ಅಮ್ಮ ಮತ್ತೆ ಕೇಳಲಿಲ್ಲ.

ಆ ಏಪ್ರಿಲ್‌ನಲ್ಲಿ ಬಿಸು ಹಬ್ಬಕ್ಕೆ ಊರಿಗೆ ಹೋದೆ. ಪಾಗಾರ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಆ ಗೋಡೆಯನ್ನೇ ನೋಡುತ್ತಿದ್ದಳು. ಮೊದಲು ಆ ಹೊತ್ತಿಗೆ ಅವಳಿಗೆ ಅಲ್ಲಿ ಜನ ಇರುತ್ತಿದ್ದರು ಅಂತ ನನಗೆ ಆಗ ಅರ್ಥ ಆಯ್ತು.

ತಪ್ಪು ಸರಿ ಮಾಡಲು ನಾನು ಮಾಡಿದ್ದು, ನಾವೆಲ್ಲ ಮಾಡುವುದನ್ನೇ. ಆನ್‌ಲೈನಿನಲ್ಲಿ ಒಂದು ಮರದ ಗೂಡು, ಕಾಳು ಹಾಕುವ ಒಂದು ಡಬ್ಬಿ ತರಿಸಿದೆ. ಅಕ್ಕಿ ತುಂಬಿಸಿ ತೂಗು ಹಾಕಿದೆ. ಬಂದದ್ದು ಕಾಗೆ, ಅಳಿಲು. ಅಮ್ಮನಿಗೆ ನಗು. "ಅದು ಅಕ್ಕಿ ತಿನ್ನುವ ಪಕ್ಕಿ ಅಲ್ಲ ಮಾರಾಯ."

ಮತ್ತೇನು ತಿನ್ನುತ್ತದೆ? ಪಕ್ಕದ ಮನೆಯವರ ಬೇಲಿ ಇನ್ನೂ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಅದರ ಹತ್ತಿರ ಹೋಗಿ ನಿಂತೆ. ಮೊಬೈಲಿನಲ್ಲಿ ಮೆರ್ಲಿನ್ ಆ್ಯಪ್ ಹಾಕಿಕೊಂಡಿದ್ದೆ. ಅಮೆರಿಕದ ಕಾರ್ನೆಲ್ ಪಕ್ಷಿ ಸಂಶೋಧನಾ ಕೇಂದ್ರದ ಈ ಉಚಿತ ಆ್ಯಪ್ ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುತ್ತದೆ. ಹತ್ತು ನಿಮಿಷದಲ್ಲಿ ಐದು ಹೆಸರು ಬಂತು. ಆ್ಯಪ್ ಹೆಸರು ಹೇಳಿತು, ಉಳಿದದ್ದು ಅಮ್ಮ ಹೇಳಿದಳು, ಆಮೇಲೆ ಒಂದಿಷ್ಟು ನಾನು ಓದಿಕೊಂಡೆ.

"ಟುವೀ" ಅನ್ನುವುದು ಸಿಂಪಿಗ. ಅಗಲದ ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆ, ಜೇಡರ ಬಲೆಯ ನೂಲು ಪೋಣಿಸಿ ಚೀಲ ಹೊಲಿದು ಅದರೊಳಗೆ ಗೂಡು ಮಾಡುತ್ತದೆ. ಬಾಲ ನಿಗುರಿಸಿ ಉದ್ದ ಸಿಳ್ಳೆ ಹಾಕುವ ಕಪ್ಪು ಬಿಳುಪಿನದು ಮಡಿವಾಳ. ಅದಕ್ಕೆ ಹಾಡಲು ಎತ್ತರದ ಕಂಬ ಬೇಕು, ಉಣ್ಣಲು ಬೇಲಿಯ ಬುಡದ ತರಗೆಲೆಯಲ್ಲಿ ಹುಳ ಬೇಕು. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಇರುವುದು ಪಿಕಳಾರ. ಹಣ್ಣು, ಹುಳ ಎರಡೂ ಆದೀತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಬದನಿಕೆ ಹಕ್ಕಿ. ಮಾವಿನ ಮರದ ಬಂದಣಿಕೆಯ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಗೆಲ್ಲಿಗೆ ಒರೆಸಿ ಹೋಗುವುದು ಇದೇ.

ಐದನೆಯದು ಸೂರಕ್ಕಿ. ನಮ್ಮ ದಾಸವಾಳದಲ್ಲಿ ಗೂಡು ಕಟ್ಟಿದ್ದು ಅದು. ತೂಕ ಹತ್ತು ಗ್ರಾಮಿನೊಳಗೆ. ಗೂಡು ನೋಡಿದರೆ ಜೇಡರ ಬಲೆಗೆ ಸಿಕ್ಕಿ ನೇತಾಡುವ ಕಸದ ಹಾಗೆ. ತೊಗಟೆ ಚೂರು, ಒಣ ನಾರು, ಬಲೆ ಎಲ್ಲ ಸೇರಿಸಿ ಹೆಣ್ಣು ಹಕ್ಕಿ ಕಟ್ಟುತ್ತದೆ. ಮಕರಂದ ಹೀರುವ ಹಕ್ಕಿ ಅಂತ ನಾವು ಶಾಲೆಯಲ್ಲಿ ಓದಿದ್ದು ಅರ್ಧ ಸತ್ಯ. ಮರಿಗಳು ಬೆಳೆಯಲು ಹುಳ, ಜೇಡ ಬೇಕು. ಹೂವಿನ ಕುಂಡ ಇಟ್ಟರೆ ಅದು ಬಂದು ಹೋಗಬಹುದು, ಆದರೆ ಸಂಸಾರ ಹೂಡಲು ಪೊದೆಯೇ ಬೇಕು.

ಆವತ್ತು ರಾತ್ರಿ ಓದಿದ ಒಂದು ಲೆಕ್ಕ ನನ್ನ ನಿದ್ದೆ ಕೆಡಿಸಿತು. ಸೂರಕ್ಕಿ ಸಾಮಾನ್ಯವಾಗಿ ಇಡುವುದು ಎರಡು ಮೊಟ್ಟೆ. ಕಾವು ಕೊಡಲು ಹದಿನೈದು ದಿನದ ಹತ್ತಿರ. ಮರಿ ಹಾರಲು ಮತ್ತೆ ಹದಿನೇಳು ದಿನದಷ್ಟು. ಒಟ್ಟು ಒಂದು ತಿಂಗಳು. ಅಮ್ಮ ಯಾವ ಪುಸ್ತಕವನ್ನೂ ನೋಡದೆ, ಬೇಕಾದಷ್ಟನ್ನೇ ಕೇಳಿದ್ದಳು.

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 942 ಜಾತಿಗಳನ್ನು ಪರಿಶೀಲಿಸಿ, 178ನ್ನು ತುರ್ತಾಗಿ ಉಳಿಸಿಕೊಳ್ಳಬೇಕು ಅಂದಿದ್ದಾರೆ. ಸೂರಕ್ಕಿ, ಸಿಂಪಿಗ ಆ ಪಟ್ಟಿಯಲ್ಲಿಲ್ಲ. ದೇಶದಲ್ಲಿ ಅವು ಬೇಕಾದಷ್ಟು ಇವೆ. ಹಾಗಾಗಿ ಅವಕ್ಕಾಗಿ ಯಾರೂ ಅಭಿಯಾನ ಮಾಡುವುದಿಲ್ಲ. ಆದರೆ ನಮ್ಮ ಅಂಗಳ ಖಾಲಿಯಾಗಲು ಅರ್ಧ ದಿನದ ಜೇಸಿಬಿ ಬಾಡಿಗೆ ಸಾಕಾಯಿತು.

ಪಾಗಾರ ಒಡೆಯುವ ಹಾಗಿರಲಿಲ್ಲ. ಅಮ್ಮನ ಭದ್ರತೆಯೂ ಸುಳ್ಳಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾಲ್ಕು ದಿನ ರಜೆ ಹಾಕಿ ಹೋದೆ. ಪಕ್ಕದ ಮನೆಯ ಬೇಲಿಯಿಂದ ದಾಸವಾಳದ ಗೆಲ್ಲು ಕಡಿದು ತಂದು ಗೋಡೆಯ ಒಳಬದಿಗೆ ಉದ್ದಕ್ಕೂ ಊರಿದೆವು. ಕೇಪುಳ ನೆಟ್ಟೆವು. ಲಂಟಾನ ಮಾತ್ರ ಬೇಡ ಅಂದುಕೊಂಡೆವು. ಅದು ಅಮೆರಿಕ ಖಂಡದಿಂದ ಬಂದು ನಮ್ಮ ಕಾಡನ್ನೇ ನುಂಗುತ್ತಿರುವ ಗಿಡ. ಬಾವಿಯ ಹಿಂದಿನ ಮೂಲೆಯನ್ನು ತನ್ನಷ್ಟಕ್ಕೆ ಬೆಳೆಯಲು ಬಿಟ್ಟೆವು. ಅಲ್ಲಿ ಗುಡಿಸುವುದಿಲ್ಲ, ಔಷಧಿ ಹೊಡೆಯುವುದಿಲ್ಲ.

ಮೊದಲ ವರ್ಷ ಪಿಕಳಾರ ಬಿಟ್ಟರೆ ಹೆಚ್ಚೇನೂ ಬರಲಿಲ್ಲ. ಅಮ್ಮ ದೂರಲಿಲ್ಲ. ನೀರು ಹಾಕಿದಳು.

ನೀವೂ ಊರಿನ ಮನೆಗೆ ದುಡ್ಡು ಕಳಿಸಿ ಗೋಡೆಯೋ ಶೆಡ್ಡೋ ಕಟ್ಟಿಸುವವರಾದರೆ ಒಂದೇ ಮಾತು. ಬೇಲಿ ಕಡಿಯುವ ಮೊದಲು ಸೊಪ್ಪಿನೊಳಗೆ ಒಮ್ಮೆ ನೋಡಲು ಹೇಳಿ. ಗೂಡಿದ್ದರೆ ಮೇಸ್ತ್ರಿಗೆ ಫೋನ್ ಮಾಡಿ ಒಂದು ತಿಂಗಳು ಕೇಳಿ. ಆ ಒಂದು ಫೋನ್ ನಾನು ಮಾಡಲಿಲ್ಲ.

ಈ ಫೆಬ್ರವರಿಯಲ್ಲಿ ಅಮ್ಮ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದಳು. ಮಸುಕು ಮಸುಕು. ಜಗಲಿಯ ಬಲ್ಬಿನ ವಯರಿಗೆ ಏನೋ ಕಸ ನೇತಾಡುತ್ತಿತ್ತು. ನಾನು ಫೋನ್ ಮಾಡಿದೆ. ಅಮ್ಮ ಪಿಸುಗುಟ್ಟುತ್ತಾ ಮಾತಾಡಿದಳು.

"ಒಂದು ತಿಂಗಳು ಈ ಲೈಟ್ ಹಾಕುವುದಿಲ್ಲ. ನೀನು ಶಿವರಾತ್ರಿಗೆ ಬರುವುದಾದರೆ ಹಿಂದಿನ ಬಾಗಿಲಲ್ಲಿ ಬಾ."

"ಆಯ್ತಮ್ಮ" ಅಂದೆ. ಹಿಂದೆ "ಚಿಟ್ ಚಿಟ್" ಕೇಳುತ್ತಿತ್ತು. ಅಮ್ಮ ಆಮೇಲೆ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ.